ಎರಡನೆಯ ಹಲಗೆಯ ವಿಭಾಗ

ಪಕ್ಕದ ಮನೆಯವರು ಇವತ್ತು ಬೆಳಿಗ್ಗೆ ಒಂದು ಡಬ್ಬಿ ಗುರೆಳ್ಳು ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಕೊಟ್ಟು ಹೋದರು. ಮಧ್ಯಾಹ್ನ ರೊಟ್ಟಿಯ ತಾಟು ಮುಂದಿಟ್ಟುಕೊಂಡು ಮುಚ್ಚಳ ತೆಗೆದೆ. ಹುರಿದ ಗುರೆಳ್ಳು, ಬೆಳ್ಳುಳ್ಳಿ, ಒಣಖಾರ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು ನೋಡಿ, ಕೈ ಅಲ್ಲಿಯೇ ನಿಂತಿತು. ಹಿಂಡಿಯ ಡಬ್ಬಿ ನೋಡಿ ಯಾರಾದರೂ ಕಣ್ಣು ಒರೆಸಿಕೊಳ್ಳುತ್ತಾರೆಯೇ ಎಂದು ನೀವು ಕೇಳಬಹುದು. ಖಾರ ಜಾಸ್ತಿಯಾಗಿತ್ತು ಎಂದುಕೊಳ್ಳಿ.

ನಾನು ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಒಬ್ಬನೇ ಇದ್ದೇನೆ. ವಯಸ್ಸಿದ್ದಾಗ ನೋಡಿದ ನಾಲ್ಕು ಹೆಣ್ಣುಗಳಿಗೆ ನಾನು ಒಪ್ಪಿಗೆಯಾಗಲಿಲ್ಲ. ಆಮೇಲೆ ನೋಡುವುದೂ ನಿಂತುಹೋಯಿತು. ಕೆಲಸ ಮಾಡಿದ್ದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕರಲ್ಲಿ ಒಂದು ಊರಿನ ಸರಕಾರಿ ಕಾಲೇಜಿನಲ್ಲಿ. ಯಾವುದೆಂದು ಹೇಳುವುದಿಲ್ಲ, ಹಳೆಯ ಸಹೋದ್ಯೋಗಿಗಳು ಜಗಳಕ್ಕೆ ಬಂದಾರು. ಆದರೆ ಮಸೂತಿ ಎಂಬ ಹಳ್ಳಿಯ ಬಸ್ಸು ತಡವಾದ ದಿನ ಅರ್ಧ ತರಗತಿ ಖಾಲಿ ಇರುತ್ತಿತ್ತು ಎಂದು ಬಾಯಿಬಿಟ್ಟರೆ ನೀವು ಪತ್ತೆ ಹಚ್ಚಿಯೇ ಹಚ್ಚುತ್ತೀರಿ. ಹಚ್ಚಿರಿ.

ತೊಂಬತ್ತರ ದಶಕದ ನಡುವೆ ನಾನು ಅಲ್ಲಿಗೆ ಹೋದಾಗ ಕಾಲೇಜು ಎಂದರೆ ಐದು ಕೋಣೆ. ಅಧ್ಯಾಪಕರೆಲ್ಲರಿಗೂ ಸೇರಿ ಒಂದೇ ಖೋಲಿ, ಅದರ ನಡುವೆ ಒಂದು ಉದ್ದನೆಯ ಟೇಬಲ್ಲು, ಗೋಡೆಗೆ ಒಂದು ಕಬ್ಬಿಣದ ಕಪಾಟು. ನನ್ನ ವಿಭಾಗ ಎಲ್ಲಿದೆ ಎಂದು ಕೇಳಿದೆ. ಎದುರಿಗೆ ಕುಳಿತಿದ್ದ ಇತಿಹಾಸದ ಬಿರಾದಾರ ಸರ್ ಎದ್ದು ಕಪಾಟು ತೆರೆದು ತೋರಿಸಿದರು.

“ಮ್ಯಾಲಿಂದ ಎರಡನೇ ಹಲಗಿ ಭೂಗೋಳ. ಅದರ ಕೆಳಗಿಂದು ಇತಿಹಾಸ, ನಮ್ಮದು. ಕನ್ನಡದವರು ತಳಕ್ಕ ಅದಾರ, ಅವರ ಪುಸ್ತಕ ವಜ್ಜ, ಮ್ಯಾಲೆ ಇಟ್ರ ಹಲಗಿ ಬಗ್ಗತೈತಿ.”

ಹೀಗೆ ನಾನು ಒಂದು ಹಲಗೆಗೆ ಮುಖ್ಯಸ್ಥನಾದೆ. ಅದರ ಮೇಲೆ ನನ್ನ ಗ್ಲೋಬು ಹಿಡಿಸಲಿಲ್ಲ. ಬಿರಾದಾರರು ತಮ್ಮ ಪುಸ್ತಕಗಳನ್ನು ಒಂದು ಕಡೆ ಸರಿಸಿ, “ಜಗತ್ತು ನಮ್ಮ ಹಲಗಿ ಮ್ಯಾಲೆ ಇರ್ಲಿ ತಗೋರಿ” ಎಂದು ಇಟ್ಟುಕೊಂಡರು.

ಮಧ್ಯಾಹ್ನ ಒಂದಾದರೆ ಆ ಟೇಬಲ್ಲಿನ ಮೇಲೆ ಆರು ಬುತ್ತಿಗಳು ಬಿಚ್ಚಿಕೊಳ್ಳುತ್ತಿದ್ದವು. ನನ್ನದು ಖಾನಾವಳಿಯ ಡಬ್ಬಿ, ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಬಿರಾದಾರರ ಮನೆಯ ಗುರೆಳ್ಳು ಹಿಂಡಿ ನಡುವೆ ಕೂರುತ್ತಿತ್ತು. ಒಂದು ದಿನ ನಾನು ಸಂಕೋಚದಿಂದ ಚೂರೇ ಹಾಕಿಕೊಂಡದ್ದನ್ನು ಕಂಡು ಅವರು, “ಭೂಗೋಳದವ್ರ, ಹಿಂಡಿ ಹಾಕ್ಕೊಳ್ಳಾಕ ಸ್ಕೇಲ್ ಹಚ್ಚೀರೇನು?” ಎಂದರು. ಅಂದಿನಿಂದ ನನ್ನನ್ನು ಹೆಸರು ಹಿಡಿದು ಯಾರೂ ಕರೆಯಲಿಲ್ಲ, ಭೂಗೋಳದವ್ರ ಎಂದೇ ಆಯಿತು. ಮನೆಯಲ್ಲಿ ಕಾಯುವವರಿಲ್ಲದವನಿಗೆ ಆ ಅರ್ಧ ತಾಸು ದೊಡ್ಡದು. ಭಾನುವಾರ ಯಾಕಾದರೂ ಬರುತ್ತದೋ ಎನಿಸುತ್ತಿತ್ತು.

ಈಗ ಸ್ವಲ್ಪ ಲೆಕ್ಕ ಹೇಳಬೇಕು, ಬೇಸರಪಡಬೇಡಿ. ಬಿ.ಎ.ಗೆ ಬಂದ ಹುಡುಗ ಮೂರು ವಿಷಯ ಆರಿಸಬೇಕು. ನಮ್ಮಲ್ಲಿ ಎರಡು ಎಲ್ಲರಿಗೂ ಒಂದೇ. ಮೂರನೆಯದು ಇತಿಹಾಸ ಇಲ್ಲವೇ ಭೂಗೋಳ. ಅಧ್ಯಾಪಕನಿಗೆ ವಾರಕ್ಕೆ ಹದಿನಾರು ತಾಸು ಪಾಠ ಇರಬೇಕು, ಕಡಿಮೆ ಬಿದ್ದರೆ ಅವನ ಹುದ್ದೆ ಬೇರೆ ಊರಿಗೆ ಹೋಗುತ್ತದೆ, ಹಿಂದೆಯೇ ಅವನೂ ಹೋಗುತ್ತಾನೆ. ಮೊದಲ ವರ್ಷ ನನಗೆ ಸಿಕ್ಕವರು ಹನ್ನೊಂದು ಹುಡುಗರು. ಮುಂದಿನ ವರ್ಷವೂ ಹೀಗೇ ಆದರೆ ವಿಷಯ ಮುಚ್ಚುತ್ತದೆ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟರು.

ಆ ಜೂನ್ ತಿಂಗಳು ನಾನು ಗ್ಲೋಬು ಹಿಡಿದುಕೊಂಡು ವರಾಂಡದಲ್ಲಿ ನಿಂತು ಭಾಷಣ ಮಾಡಿದ್ದೇ ಮಾಡಿದ್ದು. ಪ್ರವೇಶದ ಟೇಬಲ್ಲಿಗೆ ಬಿರಾದಾರರು ಕುಳಿತಿದ್ದರು. ವೇಳಾಪಟ್ಟಿ ಬರೆಯುವುದೂ ಅವರದೇ ಕೆಲಸವಾಗಿತ್ತು. ಎರಡು ವಾರದಲ್ಲಿ ನಲವತ್ತೆರಡು ಹುಡುಗರು ಭೂಗೋಳಕ್ಕೆ ಬಂದರು. ನನ್ನ ಮಾತಿನ ಮೋಡಿ ಎಂದು ನಾನು ಕನ್ನಡಿಯಲ್ಲಿ ಮೀಸೆ ತಿದ್ದಿಕೊಂಡೆ. ಬಿರಾದಾರರು ಮಾತ್ರ, “ಇನ್ನ ಸಾಕ್ ಮಾಡ್ರಿ. ನಿಮ್ಮ ಹುದ್ದೆ ಉಳೀತು” ಎಂದರು.

ನಾನು ಸಾಕು ಮಾಡಲಿಲ್ಲ. ಐವತ್ತು ದಾಟಿದರೆ ಭೂಗೋಳಕ್ಕೆ ಬೇರೆ ಖೋಲಿ, ಬಾಗಿಲಿಗೆ ಬೋರ್ಡು ಎಂದು ಪ್ರಿನ್ಸಿಪಾಲರು ಆಸೆ ಹಚ್ಚಿದ್ದರು. ಆಗಲೇ ಇತಿಹಾಸಕ್ಕೆ ಸೇರಿದ್ದ ಎಂಟು ಹುಡುಗರನ್ನು ಕಡೆಯ ವಾರ ಚಹಾದಂಗಡಿಗೆ ಕರೆದೆ. ಆಲಮಟ್ಟಿಗೆ ಕರೆದೊಯ್ಯುತ್ತೇನೆ, ಆಣೆಕಟ್ಟು ಏಳುವುದನ್ನು ನಿಂತು ನೋಡಿ ನೀವೇ ನಕಾಶೆ ತೆಗೆಯಬಹುದು ಎಂದೆ. ವಿಷಯ ಬದಲಿಸಲು ಅರ್ಜಿ ಬರೆದುಕೊಟ್ಟವನೂ ನಾನೇ. ಹುಡುಗರು ಅದನ್ನು ಆಫೀಸಿಗೆ ಒಯ್ದರು, ಆಗಿಹೋಯಿತು.

ಖೋಲಿ ಬಂತು. ಆದರೆ ಎಂಬತ್ತು ಮಂದಿ ಇದ್ದರೆ ಎರಡು ತರಗತಿ, ಇಲ್ಲದಿದ್ದರೆ ಒಂದೇ ಎಂಬ ನಿಯಮವಿತ್ತು. ಇತಿಹಾಸದ ಸಂಖ್ಯೆ ಎಂಬತ್ತರ ಕೆಳಗೆ ಇಳಿಯಿತು. ಎರಡು ತರಗತಿ ಕೂಡಿ ಒಂದಾಯಿತು, ಇತಿಹಾಸದ ಇಬ್ಬರಲ್ಲಿ ಒಬ್ಬರಿಗೆ ಆಗುವಷ್ಟೇ ತಾಸು ಉಳಿಯಿತು, ಅಲ್ಲಿ ಹೆಚ್ಚು ವರ್ಷ ಇದ್ದವರು ಬಿರಾದಾರರು. ದೀಪಾವಳಿಗೆ ಮೊದಲೇ ಬಿರಾದಾರರಿಗೆ ಮುದ್ದೇಬಿಹಾಳದ ಆದೇಶ ಬಂತು.

ಹೋಗುವ ದಿನ ಅವರು ಹಲಗೆಯಿಂದ ಪುಸ್ತಕ ತೆಗೆದು ಕಟ್ಟಿಕೊಂಡರು, ಕರವಸ್ತ್ರದಿಂದ ಧೂಳು ಒರೆಸಿದರು, ಗ್ಲೋಬನ್ನು ನನ್ನ ಕೈಗೆ ಕೊಟ್ಟರು. “ಮುದ್ದೇಬಿಹಾಳದಾಗೂ ಇತಿಹಾಸ ಐತ್ರಿ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹೇಳಬೇಕಾದ ಮಾತು ಬಾಯಿಯವರೆಗೆ ಬಂತು, ಅಷ್ಟರಲ್ಲಿ ಬಸ್ಸೂ ಬಂತು.

ಆಮೇಲೆ ಕಾಲೇಜು ಬೆಳೆಯಿತು. ವಾಣಿಜ್ಯ ಬಂತು, ರಾಜ್ಯಶಾಸ್ತ್ರ ಬಂತು, ವಿಜ್ಞಾನಕ್ಕೆ ಬೇರೆ ಕಟ್ಟಡವೇ ಎದ್ದಿತು. ಒಂದೊಂದು ಹಲಗೆಯೂ ಒಂದೊಂದು ಖೋಲಿಯಾಯಿತು. ಉದ್ದನೆಯ ಟೇಬಲ್ಲು ಪರೀಕ್ಷಾ ವಿಭಾಗಕ್ಕೆ ಹೋಗಿ ಉತ್ತರಪತ್ರಿಕೆಯ ಗಂಟುಗಳನ್ನು ಹೊತ್ತು ನಿಂತಿತು. ತಂತಮ್ಮ ಬುತ್ತಿಯನ್ನು ತಂತಮ್ಮ ವಿಭಾಗದಲ್ಲಿ ಬಿಚ್ಚುವುದು ರೂಢಿಯಾಯಿತು. ಉಳಿದವರಿಗೆ ಇಬ್ಬರು ಮೂವರು ಇದ್ದರು, ಭೂಗೋಳಕ್ಕೆ ನಾನೊಬ್ಬನೇ. ಎರಡು ಸಾವಿರದ ಇಸವಿಯಿಂದೀಚೆಗೆ ಪ್ರತಿ ತಿಂಗಳೂ ವಿಭಾಗದ ಸಭೆ ನಡೆಸಿ ನಡಾವಳಿ ಬರೆಯಬೇಕೆಂಬ ಸುತ್ತೋಲೆ ಬಂತು. ಬರೆದೆ. ಅಧ್ಯಕ್ಷತೆ: ನಾನು. ಹಾಜರಿದ್ದವರು: ನಾನು. ವಂದನಾರ್ಪಣೆಯನ್ನೂ ನಾನೇ ಮಾಡಿದೆ. ಗೈರುಹಾಜರಾದವರು ಎಂಬ ಕಾಲಮ್ಮಿನ ಮುಂದೆ ಪೆನ್ನು ಹಿಡಿದು ತುಂಬ ಹೊತ್ತು ಕೂರುತ್ತಿದ್ದೆ.

ಒಮ್ಮೆ ಮೌಲ್ಯಮಾಪನದ ಕೇಂದ್ರದಲ್ಲಿ ಬಿರಾದಾರರು ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾತಿಗೆ ಮಾತು ಬಂದು ಹೇಳಿದರು: “ಆ ವರ್ಷ ನಿಮ್ಮ ನಲವತ್ತು ಹುಡುಗರನ್ನ ನಾನ ಕಳಿಸಿದ್ದು. ಟೇಬಲ್ ಮುಂದ ಬಂದವರಿಗೆ ಭೂಗೋಳ ಬರಿ ಅಂತಿದ್ದೆ. ಇತಿಹಾಸಕ್ಕ ಎರಡು ಸೆಕ್ಷನ್ ಉಳಿಯೂವಂಗ ಎಣಿಸೇ ಕಳಿಸಿದ್ದೆ. ಆಮ್ಯಾಲೆ ಹೆಂಗೋ ಲೆಕ್ಕ ತಪ್ಪತ್ರಿ.”

“ಹೌದೇನ್ರಿ” ಎಂದೆ. ಅಷ್ಟೇ ಎಂದೆ. ಆ ಒಂದು ಮಾತಿಗೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಇವತ್ತು ಮಧ್ಯಾಹ್ನ ಹಿಂಡಿಯ ಡಬ್ಬಿ ಮುಂದೆ ತೆರೆದೇ ಇತ್ತು. ರೊಟ್ಟಿ ತಣ್ಣಗಾಗುತ್ತಿತ್ತು. ಫೋನು ತೆಗೆದುಕೊಂಡು ಮುದ್ದೇಬಿಹಾಳದಲ್ಲೇ ನೆಲೆ ನಿಂತಿರುವ ಬಿರಾದಾರರ ನಂಬರು ಒತ್ತಿದೆ.

“ಯಾರ್ರಿ?”

“ನಾನ್ರಿ ಸರ್ರ, ಭೂಗೋಳದವ.” ಕುಶಲ ಕೇಳಿದರೆ ಧೈರ್ಯ ಹೋದೀತೆಂದು ಒಂದೇ ಉಸಿರಿಗೆ ಹೇಳಿದೆ. “ಆ ವರ್ಷ ನಿಮ್ಮ ಲೆಕ್ಕ ತಪ್ಪಿರಲಿಲ್ರಿ. ಕಡೀ ವಾರ ನಿಮ್ಮ ಎಂಟು ಹುಡುಗರನ್ನ ನಾನ ಒಲಿಸಿಕೊಂಡಿದ್ದೆ. ಖೋಲಿ ಸಲುವಾಗಿ.”

ಆ ಕಡೆ ತಾಟು ಇಟ್ಟ ಸದ್ದಾಯಿತು.

“ಎಂಟಲ್ರಿ, ಒಂಬತ್ತು” ಎಂದರು. “ಮಸೂತಿ ಅಡಿವೆಪ್ಪನ್ನ ಬಿಟ್ರಿ ನೀವು. ಗೆಳೆಯರು ಹ್ವಾದ್ರಂತ ಅವನೂ ಅರ್ಜಿ ಕೊಟ್ಟ. ಪ್ರವೇಶದ ಕೆಲಸ ನಂದ ಇತ್ತಲ್ಲ, ಅರ್ಜಿ ಎಲ್ಲಾ ನನ್ನ ಕಡೇನ ಸಹಿಗೆ ಬಂದಿದ್ವು.”

“ಮತ್ಯಾಕ ಸಹಿ ಮಾಡಿದ್ರಿ?”

“ಹುಡುಗರು ಆಲಮಟ್ಟಿ ನೋಡತೀವಿ ಅಂತ ಹುರುಪಿನ್ಯಾಗಿದ್ರು. ಬ್ಯಾಡ ಅನ್ನಾಕ ಮನಸ್ಸಾಗಲಿಲ್ಲ. ಕರಕೊಂಡು ಹೋದ್ರಿಲ್ಲೋ?”

“ಹೋಗಿದ್ದೆನ್ರಿ.”

“ಆತಲ್ಲ ಮತ್ತ. ಊಟ ಆತೇನು?”

“ಈಗ ಕುಂತೇನ್ರಿ.”

“ನನಗೂ ತಾಟು ಹಾಕ್ಯಾರ. ಉಣ್ರಿ. ಫೋನ್ ಇಡಬ್ಯಾಡ್ರಿ.”

ಸ್ಪೀಕರ್ ಹಾಕಿ ಫೋನನ್ನು ಹಿಂಡಿಯ ಡಬ್ಬಿಗೆ ಒರಗಿಸಿಟ್ಟು ರೊಟ್ಟಿ ಮುರಿದೆ. ಆ ಕಡೆ ಅವರೂ ರೊಟ್ಟಿ ಮುರಿದ ಸದ್ದು ಕೇಳಿಸಿತು.