ದಾನೋಳಿಯ ಐದನೆಯ ಹೆಸರು

ಮುಂದೆ ಶಾಸಕನಾಗಿ ಹಾರತುರಾಯಿಗಳ ಭಾರಕ್ಕೆ ಕತ್ತು ಬಗ್ಗಿಸಿದ ನನ್ನ ಗೆಳೆಯನ ರಾಜಕೀಯ ಜೀವನ ದಾನೋಳಿಯಲ್ಲಿ, ಭಾಷಣದ ಮೂರನೆಯ ವಾಕ್ಯಕ್ಕೇ ಮುಗಿಯುವುದರಲ್ಲಿತ್ತು. ಅದಕ್ಕೆ ನಾನು ಸಾಕ್ಷಿ.

ಅವನು ಗಡಹಿಂಗ್ಲಜದ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮಗ, ಹೊಸ ವಕೀಲ. ಕೊಲ್ಹಾಪುರ ಸಂಸ್ಥಾನದಲ್ಲಿ ಪ್ರಜೆಗಳೇ ಆರಿಸಿದ ಸರ್ಕಾರ ಬರಬೇಕೆಂದು ಊರೂರು ತಿರುಗುತ್ತಿದ್ದ. ತಂದೆಯವರು ಕ್ರಾಂತಿಗೆ ಅಡ್ಡ ಬರಲಿಲ್ಲ. ಗಡುವು ಮಾತ್ರ ಹಾಕಿದರು. ಯುಗಾದಿಯೊಳಗೆ ಒಂದಾದರೂ ಊರು ಇವನ ಮಾತು ಕೇಳಿ ಐದು ಜನರ ಸಮಿತಿ ಮಾಡಬೇಕು. ಇಲ್ಲವಾದರೆ ಇವನು ಬಂದು ಅಂಗಡಿಯಲ್ಲಿ ಕೂರಬೇಕು. ಮೂರು ಊರುಗಳು ಭರ್ಜರಿ ಚಪ್ಪಾಳೆ ತಟ್ಟಿ, ಸಮಿತಿಯ ಮಾತು ಬಂದೊಡನೆ ದನ ಕಟ್ಟುವ ನೆಪದಲ್ಲಿ ಕರಗಿಹೋಗಿದ್ದವು. ಹಬ್ಬಕ್ಕೆ ನಾಲ್ಕು ದಿನವಿತ್ತು. ಉಳಿದದ್ದು ದಾನೋಳಿಯೊಂದೇ.

ನಾನು ಇಚಲಕರಂಜಿಯ ಸೀರೆ ಅಂಗಡಿಯಲ್ಲಿ ಗುಮಾಸ್ತ. ನನ್ನ ಬಳಿ ಸೈಕಲ್ಲಿತ್ತು. ಚಳವಳಿಗೆ ನನ್ನ ಕೊಡುಗೆಯೇನೆಂದು ಇತಿಹಾಸಕಾರರು ವಿಚಾರಿಸಿದರೆ ಉತ್ತರ ಇಷ್ಟೆ.

ಸಭೆ ಸಂಜೆ ಐದಕ್ಕೆ. ದಾರಿಯ ಯಡ್ರಾವದಲ್ಲಿ ಸೈಕಲ್ಲಿನ ಹಿಂದಿನ ಗಾಲಿ ಸತ್ಯಾಗ್ರಹ ಹೂಡಿತು. ನಾವು ತಲುಪಿದಾಗ ಹೊತ್ತು ಮುಳುಗಲು ಬಂದಿತ್ತು. ಆದರೂ ಕಟ್ಟೆಯ ಮುಂದೆ ಜನ ಕಾದು ಕೂತಿದ್ದರು. ಹೆಚ್ಚಿನವರು ಜೈನ ರೈತರು. ಗೆಳೆಯ ಕಟ್ಟೆ ಹತ್ತಿ ಮೂರು ವಾಕ್ಯ ಆಡಿದ್ದ, ಅಷ್ಟೆ. ಮುಂದಿನ ಸಾಲಿನ ಮುದುಕರೊಬ್ಬರು ಪಡುವಣಕ್ಕೆ ನೋಡಿ, ಎದ್ದು, ಧೋತರ ಝಾಡಿಸಿ ನಡೆದರು. ಅವರ ಹಿಂದೆ ಇಡೀ ಸಭೆ. ಒಂದು ನಾಯಿ ಮಾತ್ರ ಉಳಿಯಿತು. ಅದರ ರಾಜಕೀಯ ನಿಲುವು ತಿಳಿಯಲಿಲ್ಲ.

“ಮುಗೀತಲೇ,” ಎಂದ ಗೆಳೆಯ. “ಇವ್ರು ಚಪ್ಪಾಳೀನೂ ಹೊಡೀಲಿಲ್ಲ. ಇನ್ನ ಮೆಣಸಿನಕಾಯಿ ತೂಗೂದ.”

“ಮೂರನೇ ವಾಕ್ಯ ಜರಾ ಗರಮ್ ಆತು,” ಎಂದೆ ಸಮಾಧಾನಕ್ಕೆ.

ಅಷ್ಟರಲ್ಲಿ ಆ ಮುದುಕರೇ ತಿರುಗಿ ನಿಂತು ಕೂಗಿದರು: “ಏ ವಕೀಲಸಾಹೇಬ್ರ, ಗೂಟದಂಗ ಯಾಕ ನಿಂತೀರಿ? ಬರ್ರಿ ಲಗೂನ, ಉಂಡು ಮಾತಾಡೂಣು.”

“ನಿಮಗ ಸಿಟ್ಟು ಬಂದಿಲ್ರೀ?”

“ಸಿಟ್ಟಿಗೇಳಾಕ ವ್ಯಾಳ್ಯಾ ಎಲ್ಲೈತ್ರಿ? ಹೊತ್ತು ಮುಳುಗಿದ ಮ್ಯಾಲ ನಾವು ಬಾಯಾಗ ತುತ್ತ ಇಡಂಗಿಲ್ಲ. ಐದಕ್ಕ ಬರತೇನಂದವರು ಈಗ ಬಂದೀರಿ. ನಿಮ್ಮ ಸರ್ಕಾರನೂ ಹಿಂಗ ಬರತೈತೇನು?”

ಕೊಲ್ಹಾಪುರದಲ್ಲಿ ನಾವಿಬ್ಬರೂ ಓದಿದ್ದು ಲಿಂಗಾಯತರ ಬೋರ್ಡಿಂಗಿನಲ್ಲಿ. ಓಣಿಯಾಚೆ ಜೈನರ ಬೋರ್ಡಿಂಗಿನಲ್ಲಿ ಹಗಲಿರುವಾಗಲೇ ಸಂಜೆಯೂಟದ ಗಂಟೆ ಹೊಡೆಯುತ್ತಿತ್ತು. ಅದನ್ನು ನಾಲ್ಕು ವರ್ಷ ಕೇಳಿಯೂ, ಆ ಹುಡುಗರಿಗೆ ಹಸಿವು ಜಾಸ್ತಿಯೆಂದು ನಾವು ತೀರ್ಮಾನಿಸಿದ್ದೆವು. ಇಂಥ ಲೋಕಜ್ಞಾನದಿಂದ ಲೋಕ ತಿದ್ದಲು ಹೊರಟವರು.

ಮುದುಕರ ಹೆಂಡತಿ ರೊಟ್ಟಿಯ ಮೇಲೆ ರೊಟ್ಟಿ ಹಾಕಿ, “ಉಣ್ರಿ, ಉಣ್ರಿ, ಸೂರ್ಯಾ ಏನ್ ನಿಮ್ಮ ಕಕ್ಷಿದಾರ ಅಲ್ಲ, ಕಾಯಾಕ,” ಎಂದು ಅವಸರ ಮಾಡಿದರು. ಮತ್ತೆ ಕಟ್ಟೆಗೆ ಬಂದಾಗ ಮೊದಲಿಗಿಂತ ಹೆಚ್ಚು ಜನ. ಅಡಿಗೆಮನೆಗಳು ಮುಚ್ಚಿದ್ದರಿಂದ ಹೆಣ್ಣುಮಕ್ಕಳೂ ಬಂದಿದ್ದರು. ಚಹಾಕ್ಕೆಂದು ಒಬ್ಬರೂ ಏಳುವಂತಿಲ್ಲ. ಅಂಥ ಶ್ರೋತೃಗಳು ಯಾವ ಮಹಾನಾಯಕನಿಗೂ ಸಿಕ್ಕಿರಲಾರರು. ಗೆಳೆಯ ಬರೆದು ತಂದ ಭಾಷಣ ಮಡಚಿಟ್ಟು, ಊರಿಗೆ ಏನು ಬೇಕೆಂದು ಕೇಳಿದ. ಹೆಣ್ಣುಮಕ್ಕಳ ಶಾಲೆ, ಬಾಣಂತಿಯರಿಗೆ ದವಾಖಾನೆ ಎಂದು ಹೆಂಗಸರ ಕಡೆಯಿಂದಲೇ ಉತ್ತರ ಬಂತು.

ಸಮಿತಿಗೆ ನಾಲ್ಕು ಹೆಸರು ಸಲೀಸಾಗಿ ಬಿದ್ದವು. ಐದನೆಯದಕ್ಕೆ ಅಣ್ಣತಮ್ಮಂದಿರಿಬ್ಬರು ಜಗಳ ತೆಗೆದರು.

“ಇಬ್ಬರೂ ಕೂಡ್ರಿ,” ಎಂದರು ನಮಗೆ ಉಣಿಸಿದ ಅಜ್ಜಿ. “ನಾ ಆಗತೇನಿ.”

“ನೀನು?” ಎಂದರು ಅವರ ಯಜಮಾನರು.

“ಯಾಕ? ನಲವತ್ತು ವರ್ಸ ಒಂದಿನಾನೂ ಹೊತ್ತು ತಪ್ಪಸದಂಗ ನಿಮಗ ಉಣಸೇನಿ. ರಾಜ್ಯಾ ಅದಕಿಂತ ಕಠಿಣ ಐತೇನು?”

ಹೆಸರು ಕೊಟ್ಟಿದ್ದವರಲ್ಲೊಬ್ಬರು, ತಲೆಗೆ ಪಟಗ ಸುತ್ತಿದ ಗೌಡರು, ಎದ್ದು ನಿಂತರು. “ಹೆಂಗಸರು ಇದ್ರ ನಾ ಬರಾಂವಲ್ಲ.”

ಅವರು ಹೋದರೆ ಮತ್ತೆ ನಾಲ್ಕೇ. ಅಜ್ಜಿಯನ್ನು ಬಿಟ್ಟು ಐವರು ಗಂಡಸರನ್ನು ಬರೆದುಕೊಂಡು ಬಂದ ದಾರಿ ಹಿಡಿದಿದ್ದರೆ ಗೆಳೆಯನಿಗೆ ಅಂಗಡಿಯ ತಕ್ಕಡಿ ತಪ್ಪುತ್ತಿತ್ತು. ನಾನು ಅವನ ಅಂಗಿ ಜಗ್ಗಿದೆ. ಅವನು ನನ್ನ ಕೈ ಬಿಡಿಸಿಕೊಂಡ.

“ಅಜ್ಜಿ ಹೆಸರು ಮೊದಲ ಬರೀತೇನಿ,” ಎಂದ. “ಹೋಗೂವ್ರು ಹೋಗ್ರಿ.”

ಗೌಡರು ಚಪ್ಪಲಿ ಹುಡುಕಿದರು. ಬಹಳ ಹೊತ್ತು ಹುಡುಕಿದರು. ಚಪ್ಪಲಿ ಅವರ ಕಾಲಲ್ಲೇ ಇತ್ತು. ಕೊನೆಗೆ, “ಬರೀರಿ, ಬರೀರಿ. ಆದ್ರ ನನ್ನ ಹೆಸರು ಕಡೀಕ ಬ್ಯಾಡ,” ಎಂದು ಕೂತರು.

ಮೂರನೆಯ ದಿನ ಗಡಹಿಂಗ್ಲಜದಲ್ಲಿ ತಂದೆಯವರು ಕನ್ನಡಕ ಏರಿಸಿ ಪಟ್ಟಿ ಓದಿದರು. ಮೊದಲ ಹೆಸರಿನ ಮೇಲೆ ಬೆರಳಿಟ್ಟು, “ಹೆಣ್ಣಮಗಳೇನು?” ಎಂದರು.

“ಹೌದ್ರಿ.”

ಕಾಗದ ಮಡಚಿ ಮಗನ ಕೈಗಿತ್ತು ದನಿ ತಗ್ಗಿಸಿದರು. “ಆತು, ಗೆದ್ದಿ. ಆದ್ರ ಇದನ್ನ ನಿಮ್ಮವ್ವಗ ತೋರಸಬ್ಯಾಡ.”

ಪಟ್ಟಿ ಹಿಡಿದು ನಾವು ನೆಟ್ಟಗೆ ಅಡಿಗೆಮನೆಗೆ ಹೋದೆವು.