ಕನ್ಸೆಪ್ಟಾ ತೋರಿಸಿದ ಐದು ಹೊಲ

ಕನ್ಸೆಪ್ಟಾ ಕೀಗನ್‌ಗೆ ತನ್ನದು ಅಂತ ಅಂಗೈಯಗಲ ನೆಲವೂ ಇರಲಿಲ್ಲ. ಆದರೂ ನಮ್ಮ ವೆಸ್ಟ್‌ಮೀತ್ ಸೀಮೆಯ ಆ ಮೂಲೆಯಲ್ಲಿ ಅವಳು ತುಳಿಯದ ಹೊಲ ಒಂದೂ ಇರಲಿಲ್ಲ. ಅವಳಿನ್ನೂ ತೊಟ್ಟಿಲಲ್ಲಿರುವಾಗಲೇ ಅಪ್ಪ ಅಮ್ಮ ಸಮುದ್ರ ದಾಟಿ ಇಂಗ್ಲೆಂಡಿಗೆ ಕೂಲಿಗೆ ಹೋದರು. ಮಗುವನ್ನು ಅಜ್ಜಿ ಬ್ರಿಜಿಡ್ ಮಡಿಲಿಗೆ ಹಾಕಿ, ಆಮೇಲೆ ಕರೆಸಿಕೊಳ್ಳುತ್ತೇವೆ ಅಂದವರು ಕೊನೆಗೂ ಕರೆಸಿಕೊಳ್ಳಲಿಲ್ಲ. ಅಜ್ಜಿ ಊರವರ ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದಳು. ಅವಳ ಹಿಂದೆ ಕೈಯಲ್ಲೊಂದು ಕೋಲು ಹಿಡಿದು ಮೊಮ್ಮಗಳು. ಅಜ್ಜಿ ತೀರಿಕೊಂಡ ಮೇಲೆ ಕೋಲೂ ಕೆಲಸವೂ ಮೊಮ್ಮಗಳ ಪಾಲಿಗೆ ಬಂದವು. ಲಾರಿಗಳು ಬಂದು ದನಗಳೆಲ್ಲ ಲಾರಿ ಹತ್ತಿದ ಮೇಲೂ ಕನ್ಸೆಪ್ಟಾ ನಡೆಯುವುದನ್ನು ಬಿಡಲಿಲ್ಲ. ಯಾರದ್ದಾದರೂ ಕರು ಕಳೆದುಹೋದರೆ ಅವಳಿಗೇ ಹೇಳಿ ಕಳಿಸುತ್ತಿದ್ದರು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ನನ್ನ ಜೊತೆ ಹೆಜ್ಜೆ ಹಾಕೋ ಗಂಡಸು ಈ ಊರಲ್ಲಿ ಎಲ್ಲಿದ್ದಾನೋ?" ಅನ್ನುತ್ತಿದ್ದಳು.

ನನ್ನ ಹೆಸರು ಫಿಂಟನ್. ರಸ್ತೆ ಕೂಡುವಲ್ಲಿ ನನ್ನ ಅಂಗಡಿ, ಮುಂದೆ ಒಂದು ಪೆಟ್ರೋಲ್ ಪಂಪು. ಬೇಸಿಗೆ ಬಂತೆಂದರೆ ಹಿರಿಯರ ಮನೆ ಹುಡುಕಿಕೊಂಡು ಹೊರದೇಶದವರು ಬರುತ್ತಾರೆ, ಮೊದಲು ನಿಲ್ಲುವುದು ನನ್ನ ಹತ್ತಿರವೇ. "ನಮ್ಮ ಮುತ್ತಾತ ಇಲ್ಲಿಯವನಂತೆ" ಅನ್ನುತ್ತಾರೆ. ನಾನು ಪಾದ್ರಿಯ ಮನೆ ತೋರಿಸುತ್ತೇನೆ, ಪಾದ್ರಿ ಹಳೇ ದಾಖಲೆ ನೋಡಲು ಮಲಿಂಗಾರ್ ಪೇಟೆಗೆ ಕಳಿಸುತ್ತಾರೆ. ಕೊನೆಗೆ ಸ್ಮಶಾನದಲ್ಲಿ ಯಾವುದೋ ಒಂದು ಕಲ್ಲಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಕನ್ಸೆಪ್ಟಾ ಚಾ ಪುಡಿಗೆ ಬಂದಾಗೆಲ್ಲ ನನ್ನನ್ನು ಕೆಣಕುತ್ತಿದ್ದಳು: "ಏನ್ ಫಿಂಟನ್, ಇವತ್ತು ಎಷ್ಟು ಜನ ಸತ್ತೋರ್ನ ಮಾರ್ದೆ?"

ಅದೊಂದು ಸೆಪ್ಟೆಂಬರ್ ಮಧ್ಯಾಹ್ನ. ಅವಳಿಗಾಗಲೇ ಎಪ್ಪತ್ತರ ಹತ್ತಿರ. ಕೋಳಿ ತೌಡಿನ ಮೂಟೆಯ ಮೇಲೆ ಕೂತು ಬೂಟಿನೊಳಗಿನ ಕಲ್ಲು ಕೊಡವುತ್ತಿದ್ದಳು. ಬಾಗಿಲಲ್ಲಿ ಒಬ್ಬ ಮುದುಕ ಬಂದು ನಿಂತ. ಎತ್ತರದ ಆಳು, ಬಿಸಿಲಲ್ಲಿ ಸುಟ್ಟು ಚಕ್ಕಳವಾದ ಮುಖ, ತಲೆ ಮೇಲೆ ಚಪ್ಪಟೆ ಉಣ್ಣೆ ಟೋಪಿ, ಕಾಲಲ್ಲಿ ಹಗ್ಗದ ಅಟ್ಟೆಯ ಜೋಡು. ಸ್ಪ್ಯಾನಿಷ್ ಮಾತಾಡುತ್ತಾನೇನೋ ಅಂದುಕೊಂಡೆ. ಅವನು ಟೋಪಿ ತೆಗೆದ.

"ಒಳಗಿರೋರ್ನೆಲ್ಲಾ ದ್ಯಾವ್ರು ಕಾಯ್ಲಿ. ಒಂದ್ ಗುಟುಕು ಚಾ ಸಿಕ್ಕೀತೇ, ಒಡೆಯಾ?"

ಕನ್ಸೆಪ್ಟಾ ಎದ್ದುನಿಂತಳು. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ.

"ಇನ್ನೊಂದ್ಸಲ ಹೇಳು" ಅಂದಳು.

"ಏನ್ ಹೇಳ್ಲವ್ವಾ?"

"ಏನಾದ್ರೂ ಹೇಳು. ಸುಮ್ನೆ ಮಾತಾಡು."

ಆ ಮನುಷ್ಯ ಗಾಬರಿಯಾಗಿ ನನ್ನ ಮುಖ ನೋಡಿದ. ಅವಳೂ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿಕೊಂಡಿತ್ತು. "ನಮ್ಮಜ್ಜಿ ಸತ್ತು ಐವತ್ತು ವರ್ಷದ ಮೇಲಾಯ್ತು ಕಣೋ. ಇದು ಅವಳ ನಾಲಿಗೆ! ಆ ಎಳೆತ, ಆ ರಾಗ... ಇಡೀ ಸೀಮೇಲಿ ಯಾರ ಬಾಯಲ್ಲೂ ಇಲ್ಲ ಈಗ. ಎಲ್ಲಿಂದ ತಂದ ಇವನು?"

ಅರ್ಜೆಂಟೀನಾದಿಂದ ತಂದಿದ್ದ. ಹೆಸರು ತೊಮಾಸ್ ಮರ್ಟಾ. ಅವನ ಮುತ್ತಾತ ಲಾರೆನ್ಸ್ ಮರ್ಟಾ ಆಲೂಗಡ್ಡೆ ಕೊಳೆತು ಜನ ಸತ್ತ ಬರಗಾಲದಲ್ಲಿ, ಬಸುರಿ ಹೆಂಡತಿಯ ಜೊತೆ ಹಡಗು ಹತ್ತಿದವನು. ಅಲ್ಲಿ ಪಂಪಾಸ್ ಅನ್ನುವ ಕೊನೆಯಿಲ್ಲದ ಬಯಲಿನಲ್ಲಿ ಕುರಿ ಕಾದ. ಸುತ್ತಮುತ್ತ ಕುರಿ ಕಾಯುತ್ತಿದ್ದವರೂ ನಮ್ಮ ಕಡೆಯವರೇ. ಬೀದಿಯಲ್ಲಿ ಸ್ಪ್ಯಾನಿಷ್, ಮನೆಯಲ್ಲಿ ಮಾತ್ರ ಊರ ಮಾತು. ಇಲ್ಲಿ ನಮಗೆ ಶಾಲೆ, ರೇಡಿಯೋ, ಟಿವಿ ಎಲ್ಲ ಬಂದು ನಾಲಿಗೆ ತಿದ್ದಿದವು. ಅಲ್ಲಿ ತಿದ್ದುವವರು ಯಾರೂ ಇರಲಿಲ್ಲ. ಹಡಗು ಹತ್ತಿದ ಮಾತು ಹಾಗೇ ಉಳಿದುಬಿಟ್ಟಿತ್ತು.

"ಮರ್ಟಾಗಳು ಇಲ್ಲಿ ಬೇಕಾದಷ್ಟವ್ರೆ" ಅಂದ ತೊಮಾಸ್, ಚಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಯಾವ ಮರ್ಟಾ ಅಂತ ಕೇಳ್ತಾರೆ. ನಾನೇನ್ ಹೇಳ್ಲಿ? ನಾಳೆ ವಿಮಾನ ಐತೆ. ಬಂದ ದಾರೀಗೆ ಸುಂಕ ಇಲ್ಲ ಅಂದ್ಕೊಂಡ್ ಹೋಯ್ತೀನಿ."

"ನಿಮ್ಮಜ್ಜಿ ಏನಾದ್ರೂ ಹೇಳ್ತಿದ್ಲಾ? ಹಳ್ಳ, ಬಾವಿ, ಮರ?" ಅಂತ ಕೇಳಿದಳು ಕನ್ಸೆಪ್ಟಾ.

"ಅಜ್ಜಿ ಈ ನೆಲಾನೇ ಕಂಡಿರ್ಲಿಲ್ಲ. ಅವ್ರವ್ವನ ಹೊಟ್ಟೇಲಿ ಕೂತ್ಕಂಡು ಹೋದವ್ಳು. ಅಲ್ಲಿ ಕಟ್ಕಂಡಿದ್ದೂ ಇನ್ನೊಬ್ಬ ಮರ್ಟಾನ್ನೇ. ಕಥೆ ಹೇಳೋ ಪೈಕಿನೂ ಅಲ್ಲ. ನಮ್ಗೆ ಕಲ್ಸಿದ್ದು ಜಪಮಾಲೆ ಒಂದು, ಬೈಗುಳ ನೂರು. ಇನ್ನೊಂದು..." ನಾಚಿಕೊಂಡ. "ಮಕ್ಕಳಾಟದ್ದು. ಕಣ್ಣಾಮುಚ್ಚಾಲೆ ಆಡೋವಾಗ ಕಳ್ಳ ಯಾರು ಅಂತ ಎಣಿಸ್ತೀವಲ್ಲ, ಅದು. ಅರ್ಥ ಗಿರ್ಥ ಏನಿಲ್ಲ."

"ಹೇಳು, ನೋಡೋಣ."

ಎಪ್ಪತ್ತು ವರ್ಷದ ಆ ಗಂಡಸು ಬಟ್ಟಲು ಕೆಳಗಿಟ್ಟು, ನನ್ನ ಎದೆ, ಅವಳ ಎದೆ, ತನ್ನೆದೆ ಅಂತ ಬೆರಳಿಂದ ಮುಟ್ಟುತ್ತಾ ಎಣಿಸಿದ: "ಗಾರಿಫೂಕ, ಲಗವಾದ್ರ, ಕ್ಲಾಷನಿಷ್ಕ, ಗುರ್ಟನಲಾನ್, ಲ್ಯಾಕಬಾನ್, ಬಾಗ್ಲು ತೆಗಿ!"

ನಾನು ನಕ್ಕುಬಿಟ್ಟೆ.

"ಸುಮ್ನಿರೋ, ಕತ್ತೆ!" ಕನ್ಸೆಪ್ಟಾ ಕೌಂಟರಿಗೆ ಗುದ್ದಿದಳು. "ಲಗವಾದ್ರ ಅಂದ್ರೆ ಏನು? ಹೋದ ತಿಂಗ್ಳು ಲೆಡ್ವಿತ್‌ನ ಹಸು ಹೂತ್ಕೊಂಡಿತ್ತಲ್ಲ, ಆ ತಗ್ಗು! ಕ್ಲಾಷನಿಷ್ಕ ಅದರ ಆಚೆ ಕಾಲುವೆ ಹೊಲ! ಇವು ಹೊಲದ ಹೆಸರು ಕಣೋ. ಸಾಲಾಗಿ, ರಸ್ತೆಯಿಂದ ಗುಡ್ಡದ ಕಡೆಗೆ..." ಅವಳ ದನಿ ಇಳಿಯಿತು. "ಹಡಗು ಹತ್ತಿದ ಆ ತಾಯಿ ಮಕ್ಕಳಿಗೆ ಮನೆ ದಾರಿ ಹೇಳ್ಕೊಟ್ಟಿದ್ದಾಳೆ."

ಅಂಗಡಿಗೆ ಬೀಗ ಕೂಡ ಹಾಕದೆ ನಾನೂ ಅವರ ಜೊತೆ ಹೊರಟೆ.

ಗಾರಿಫೂಕ ರಸ್ತೆಗೆ ತಾಗಿದ ಹೊಲ. ಗೇಟು ದಾಟುವಾಗ ತೊಮಾಸ್ ಆ ಹೆಸರನ್ನು ಮೆಲ್ಲಗೆ ಹೇಳಿದ. ಲಗವಾದ್ರದಲ್ಲಿ ಅವನ ಹಗ್ಗದ ಜೋಡು ಕೆಸರಲ್ಲಿ ಸಿಕ್ಕಿಕೊಂಡಿತು. "ಎಡಕ್ಕೆ ಬಾ, ಮಾರಾಯ, ನಿನ್ನನ್ನ ಎಳೆಯೋಕೆ ಟ್ರಾಕ್ಟರ್ ಕರೆಸಬೇಕಾಗ್ತದೆ" ಅಂದಳು ಕನ್ಸೆಪ್ಟಾ. ಕ್ಲಾಷನಿಷ್ಕದ ಕಾಲುವೆ ಆ ಒಣ ಸೆಪ್ಟೆಂಬರಿನಲ್ಲೂ ಹರಿಯುತ್ತಿತ್ತು. ಅವನು ಬಗ್ಗಿ ನೀರಲ್ಲಿ ಕೈ ಅದ್ದಿ, ಅದ್ದಿದ ಕೈಯನ್ನೇ ನೋಡುತ್ತಾ ನಿಂತ.

ಮುಂದಿನ ಹೊಲದ ಬಾಯಲ್ಲಿ ಅವಳು ತಡೆದು ನಿಂತಳು. "ಇದರ ಹೆಸರು ನನಗೆ ಗೊತ್ತಿಲ್ಲ. ದೊಡ್ಡ ಹೊಲ ಅಂತೀವಿ, ಅಷ್ಟೇ. ಅಜ್ಜೀನೂ ಹಾಗೇ ಅಂತಿದ್ಲು."

"ಗುರ್ಟನಲಾನ್" ಅಂದ ತೊಮಾಸ್.

ಅವಳು ಬಾಯಲ್ಲಿ ಅದನ್ನು ಹೊರಳಿಸಿದಳು. "ಹಳೇ ಭಾಷೇಲಿ ಲಾನ್ ಅಂದ್ರೆ ಕರಿಹಕ್ಕಿ. ಕರಿಹಕ್ಕಿ ಹೊಲ. ನೋಡು, ಹುಟ್ಟಿದಾಗಿಂದ ಇದನ್ನ ದಾಟ್ತಿದ್ದೀನಿ. ಹೆಸರು ಮಾತ್ರ ಸಮುದ್ರದಾಚೆ ಇತ್ತು." ಅವತ್ತು ಅಲ್ಲಿ ಒಂದು ಕರಿಹಕ್ಕಿಯೂ ಕಾಣಲಿಲ್ಲ. ಲೆಡ್ವಿತ್‌ನ ದನಗಳು ಮೇಯುವುದು ಬಿಟ್ಟು ನಮ್ಮನ್ನೇ ನೋಡುತ್ತಿದ್ದವು.

ಲ್ಯಾಕಬಾನ್ ಇಳಿಜಾರು ಹೊಲ. ಅದರ ನೆತ್ತಿಯಲ್ಲಿ ಮುಳ್ಳುಗಿಡಗಳ ಒಂದು ಗುಂಪು, ಬುಡದಲ್ಲಿ ಎದೆಯೆತ್ತರ ತುರಿಕೆ ಸೊಪ್ಪು. "ಜನ ಬಾಳಿದ ಕಡೆ ಈ ಸೊಪ್ಪು ಹೋಗಲ್ಲ" ಅಂದಳು ಕನ್ಸೆಪ್ಟಾ. "ಇಲ್ಲಿ ಕಡ್ಡಿ ಮುರೀಬೇಡ ಅಂತ ಅಜ್ಜಿ ಗದರಿಸ್ತಿದ್ಲು. ಯಾಕೆ ಅಂತ ಯಾವತ್ತೂ ಹೇಳ್ಲಿಲ್ಲ." ಕೋಲಿನಿಂದ ಸೊಪ್ಪು ಬಡಿದು ದಾರಿ ಮಾಡಿದಳು. ಮೊಣಕಾಲಿಗಿಂತ ತಗ್ಗಿನ ಗೋಡೆ, ಪಾಚಿ ಹಿಡಿದ ಕಲ್ಲು. ಒಂದು ಕೊನೆಯಲ್ಲಿ ಬೆಂಕಿಗೆ ಕಪ್ಪಾದ ಚಪ್ಪಡಿ. ನಡುವೆ, ಎಷ್ಟೋ ಪಾದ ತುಳಿದು ತುಳಿದು ನಡುಭಾಗ ತಗ್ಗಿದ ಹೊಸ್ತಿಲು.

ತೊಮಾಸ್ ಆಗಲೇ ಗೋಡೆಯೊಳಗೆ ನಿಂತಿದ್ದ, ಹಿಂದಿನಿಂದ ದಾಟಿ ಬಂದಿದ್ದ. ಹೊಸ್ತಿಲು ಕಂಡದ್ದೇ ತಪ್ಪು ಮಾಡಿದವನಂತೆ ಹೊರಗೆ ಹೋದ. ಒಂದು ಹೆಜ್ಜೆಗೆ ದಾಟಬಹುದಾದ ಗೋಡೆಯನ್ನು ಪೂರ್ತಿ ಸುತ್ತಿಕೊಂಡು ಮುಂದಕ್ಕೆ ಬಂದ. ಜೋಡು ಕಳಚಿಟ್ಟು, ಟೋಪಿ ತೆಗೆದು, ಬಾಗಿಲಿಲ್ಲದ ಬಾಗಿಲಲ್ಲಿ ನಿಂತ. ಒಳಗಿದ್ದವಳು ಕನ್ಸೆಪ್ಟಾ. ನೆಂಟರನ್ನು ಕರೆಯುವಷ್ಟೇ ಸಹಜವಾಗಿ ಅವಳು ಅಂದಳು:

"ಬಾಪ್ಪಾ ಒಳಗೆ. ಬಲು ದೂರದಿಂದ ಬಂದಿದ್ದೀಯ."

ಅವನು ಹೊಸ್ತಿಲು ದಾಟಿ ಬಂದು ಒಲೆಯ ಕಲ್ಲಿನ ಪಕ್ಕ ಕೂತ. ಅಳಲಿಲ್ಲ. ಮಂಡಿಯ ಮೇಲೆ ಕೈಯೂರಿ, ದಿನದ ಕೆಲಸ ಮುಗಿಸಿ ಬಂದವನಂತೆ ಕೂತಿದ್ದ.

ಅಷ್ಟರಲ್ಲಿ ಲೆಡ್ವಿತ್‌ನ ಟ್ರಾಕ್ಟರ್ ಗಡಗಡ ಅನ್ನುತ್ತಾ ಬಂತು. "ಏನ್ ಫಿಂಟನ್, ನನ್ನ ಹೊಲಾನ ಯಾರಿಗೋ ಮಾರ್ತಿರೋ ಹಾಗಿದೆ?" ಅಂತ ಕೂಗಿದ. ಬರಿಗಾಲಲ್ಲಿ ಕೂತ ಮುದುಕನನ್ನು ಕಂಡು ಎಂಜಿನ್ ನಿಲ್ಲಿಸಿದ. ನಾನು ವಿಷಯ ಹೇಳಿದೆ. ಅವನು ತಲೆ ಕೆರೆದುಕೊಂಡ. "ನಮ್ಮಪ್ಪ ಉಳೋವಾಗ ಈ ಗುಂಪನ್ನ ಸುತ್ಕೊಂಡೇ ಹೋಗ್ತಿದ್ದ. ನಾನೂ ಹಾಗೇ ಮಾಡ್ತೀನಿ. ಯಾಕೆ ಅಂತ ಕೇಳಿದ್ದೇ ಇಲ್ಲ ನೋಡು."

ಬಿಸಿಲು ಇಳಿದಿತ್ತು. ಗುಡ್ಡದ ಮೇಲೆ ಓರೆಯಾಗಿ ಬೀಳುತ್ತಿತ್ತು. "ಅಕ್ಕಪಕ್ಕದಲ್ಲಿ ಯಾರಿದ್ರು?" ಅಂತ ತೊಮಾಸ್ ಕೇಳಿದ್ದಕ್ಕೆ ಎಲ್ಲರೂ ತಿರುಗಿ ಕೆಳಗೆ ನೋಡಿದೆವು. ಮಧ್ಯಾಹ್ನದಲ್ಲಿ ಬರೀ ಹುಲ್ಲಾಗಿದ್ದ ನೆಲದಲ್ಲಿ ನೆರಳು ಗೆರೆ ಎಳೆದಿತ್ತು. ಆಲೂಗಡ್ಡೆ ಬೆಳೆದ ಹಳೇ ಮಡಿಗಳು ಗುಡ್ಡದ ಉದ್ದಕ್ಕೂ ಬಾಚಿದ ಕೂದಲಿನಂತೆ ಕಾಣುತ್ತಿದ್ದವು. ಅವುಗಳ ನಡುವೆ ಅಲ್ಲೊಂದು ಚೌಕ, ಇಲ್ಲೊಂದು ಚೌಕ, ಆಚೆ ಮೂರು ಒಟ್ಟಿಗೆ. ಮನೆಗಳು. ಮನೆಗಳ ನಡುವೆ ಓಣಿ. ಒಂದು ಇಡೀ ಊರು ಹುಲ್ಲಿನಡಿಯಿಂದ ಎದ್ದು ನಿಂತಂತಿತ್ತು.

"ಅಲ್ಲಿ ಡಾಲ್ಟನ್ ಅನ್ನೋರಿದ್ರಂತೆ" ಅಂತ ಕನ್ಸೆಪ್ಟಾ ಕೋಲು ತೋರಿಸಿದಳು. "ಅದರ ಪಕ್ಕ ಒಬ್ಬ ನೇಕಾರ. ಆ ಮೂರು ಯಾರದೋ. ಅದೂ ಯಾರದೋ..." ಕೋಲು ಕೆಳಗಿಳಿಯಿತು. ನಾನು ಮೂವತ್ತು ವರ್ಷದಿಂದ ಅಂಗಡಿ ಬಾಗಿಲಲ್ಲಿ ನಿಂತು ಆ ಗುಡ್ಡವನ್ನು ನೋಡುತ್ತಿದ್ದವನು. ಲೆಡ್ವಿತ್ ಅದರ ಮೇಲೆ ಹುಟ್ಟಿ ಬೆಳೆದವನು. ಅವನೂ ತನ್ನ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಸೂರ್ಯ ಮುಳುಗುವವರೆಗೂ ಯಾರೂ ಹೊರಡುವ ಮಾತೆತ್ತಲಿಲ್ಲ.

ತೊಮಾಸ್ ಮರುದಿನದ ವಿಮಾನ ಬಿಟ್ಟು ಒಂದು ವಾರ ನಮ್ಮ ಮನೆಯಲ್ಲೇ ಉಳಿದ. ಬೆಳಗ್ಗೆ ಎದ್ದು ಕನ್ಸೆಪ್ಟಾಳ ಜೊತೆ ಹೊಲ ಸುತ್ತುವುದು, ಸಂಜೆ ಅವಳ ಅಡುಗೆಮನೆಯಲ್ಲಿ ಕೂತು ಹರಟುವುದು. ಇಬ್ಬರಿಗೂ ರಕ್ತಸಂಬಂಧ ಇದೆಯಾ ಅಂತ ಹುಡುಕಿ ನೋಡಿದರು. ಒಂದು ಹನಿಯೂ ಇರಲಿಲ್ಲ. "ಒಳ್ಳೇದೇ ಆಯ್ತು, ಆಸ್ತಿ ಜಗಳ ಇಲ್ಲ" ಅಂದಳು ಅವಳು.

ಮರುವರ್ಷ ಅವನು ತಂಗಿಯನ್ನು ಕರೆತಂದ. ನಡೆಯಲು ಕೋಲು ಬೇಕಾದ ಮುದುಕಿ. ರಸ್ತೆಯ ಗೇಟಿನ ಹತ್ತಿರ ಕನ್ಸೆಪ್ಟಾ ದಾರಿ ತೋರಿಸಲು ಮುಂದಾದಳು. ತಂಗಿ ಅವಳ ತೋಳು ಹಿಡಿದು ತಡೆದು, ತಾನೇ ಮುಂದೆ ನಡೆದಳು, ಆಟದ ಎಣಿಕೆಯಂತೆ ಒಂದೊಂದು ಹೊಲಕ್ಕೂ ಹೆಸರು ಹೇಳುತ್ತಾ. ಕನ್ಸೆಪ್ಟಾ ಅವಳ ಹಿಂದೆ ಹೋದಳು.