ಮಗಳ ತಲೆ ಒತ್ತಲು ನಾನು ಬಿಡಲಿಲ್ಲ

ಬಿದ್ದ ಕೂಸಿನ ತಲೆ ಊದಿದರೆ ಬಿಸಿ ಎಣ್ಣೆ ಹಚ್ಚಿ ಒತ್ತಿ ಕೂರಿಸುವುದು ನಿಮ್ಮ ಮನೆಯಲ್ಲೂ ಇತ್ತಾ? ಬೇಡ ಅಂದವಳನ್ನು ಸೊಕ್ಕಿನವಳು ಅಂದಿದ್ದರಾ? ನನಗಂತೂ ಅಂದರು. ಅನ್ನಲಿ.

ಎರಡು ಸಾವಿರದ ಇಸವಿಯ ಆಸುಪಾಸು. ಖಾನಾಪುರದ ನಮ್ಮ ಮನೆಯಲ್ಲಿ ಜಂತಿಗೆ ಕಟ್ಟಿದ್ದ ತೊಟ್ಟಿಲಿನ ಹಗ್ಗ ಹರಿದು ಆರು ತಿಂಗಳ ಮಗಳು ಕಲ್ಲಿನ ನೆಲಕ್ಕೆ ಬಿದ್ದಳು. ಬೆಳಗಾವಿಯ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದರು. ಕಿವಿಯ ಮೇಲ್ಭಾಗದಲ್ಲಿ ಬುರುಡೆ ಸೀಳಿತ್ತು. ಮನೆಗೆ ಕಳಿಸುವಾಗ ಡಾಕ್ಟರು ಎದುರಿಗೆ ಕೂರಿಸಿಕೊಂಡು ಹೇಳಿದರು: “ನೋಡ್ರಿ ಅಕ್ಕಾರ, ಸಣ್ಣ ಕೂಸಿನ ಎಲುಬು ಬಹಳ ಸಲ ತಾನ ಕೂಡತೈತಿ. ಆದ್ರ ಒಳಗ ಮಿದುಳಿನ ಪದರ ಹರಿದಿದ್ರ, ಮಿದುಳು ಬೆಳೆದಂಗ ಸೀಳು ಅಗಲ ಆಕ್ಕೋತ ಹೋಗತೈತಿ. ಆಪರೇಷನ್ ಮಾಡಿ ಹೊಲೀಬೇಕಾಗತೈತಿ. ಬಿಟ್ರ ಫಿಟ್ಸ್ ಬರಬಹುದು, ಕೈಕಾಲು ಸೋಲಬಹುದು. ಊತ ಇಳೀಲಿಲ್ಲಂದ್ರ, ಕೂಸು ನಕ್ಕೋತ ಇದ್ರೂ ಕರಕೊಂಡು ಬರ್ರಿ. ಒತ್ತಬ್ಯಾಡ್ರಿ.”

ಮರುದಿನವೇ ಅತ್ತೆ ಬಚ್ಚಲಲ್ಲಿ ಕಾಲು ಚಾಚಿ ಕೂತರು. ಪಕ್ಕದಲ್ಲಿ ಬಟ್ಟಲು ತುಂಬ ಬಿಸಿ ಎಣ್ಣೆ.

“ತಾ ಇಲ್ಲಿ ಕೂಸಿನ್ನ. ನಾಕ್ ಸಲ ಒತ್ತಿದ್ರ ಊತ ಕುಂದರತೈತಿ.”

“ಇಲ್ರಿ ಅತ್ತಿ, ತಲಿ ಮುಟ್ಟಬ್ಯಾಡ್ರಿ.”

“ನಿನ್ನ ಗಂಡನ ತಲಿ ತಿದ್ದಿದಾಕಿ ನಾನ. ಏನಾಗೇತಿ ಅವಗ?”

“ಅದನ್ನ ನನ್ನ ಬಾಯಿಲೆ ಹೇಳಸಬ್ಯಾಡ್ರಿ.”

ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ನಮ್ಮ ಮನೆಯವರು ಕೆಮ್ಮಿದರು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಅಂದಿನಿಂದ ಕೂಸಿಗೆ ನಾನೇ ನೀರು ಎರೆದೆ.

ವಾರಗಳು ಕಳೆದರೂ ಊತ ಇಳಿಯಲಿಲ್ಲ. ಮೆತ್ತಗಾಯಿತು, ಬೆರಳ ತುದಿ ತಾಗಿದರೆ ಒಳಗೇನೋ ಮಿಡಿಯುತ್ತಿತ್ತು. ಮಗಳು ಮಾತ್ರ ಹಾಲು ಕುಡಿದು, ನಕ್ಕು, ನನ್ನ ಕರಿಮಣಿ ಜಗ್ಗುತ್ತಿದ್ದಳು.

“ಆಡೋ ಕೂಸಿಗೆ ದವಾಖಾನಿ ಯಾಕ?” ಅಂದರು ನಮ್ಮವರು.

ಅತ್ತೆಗೆ ಮಾತು ಬಂತು. “ಹೆಣ್ಣು ಕೂಸಿನ ತಲಿ ಕೊಯ್ಸಿದ್ರ ನಾಳೆ ಯಾರ ಮಾಡ್ಕೋತಾರ?”

“ಮಾಡ್ಕೊಳ್ಳೋರು ಸಿಗ್ತಾರೋ ಇಲ್ಲೋ, ಮೊದಲ ಆಕಿ ನೆಟ್ಟಗ ಬೆಳೀಲಿ,” ಅಂದೆ. ಗಂಡನ ಕಡೆ ತಿರುಗಿದೆ. “ಬರೂದಾದ್ರ ಬರ್ರಿ. ಇಲ್ಲಾಂದ್ರ ನಾ ಹೊಂಟೆ.”

ಕೂಸನ್ನು ಎತ್ತಿಕೊಂಡು ಬೆಳಗಾವಿ ಬಸ್ಸು ಹತ್ತಿದೆ. ದೇಸೂರು ದಾಟುವಾಗ ಹಿಂದಿನ ಸೀಟಿನಿಂದ ಪರಿಚಯದ ಕೆಮ್ಮು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಸ್ಕ್ಯಾನಿನಲ್ಲಿ ಸೀಳು ಮೊದಲಿಗಿಂತ ಅಗಲವಾಗಿತ್ತು. ಆಪರೇಷನ್ ಮಾಡಿ, ಹರಿದ ಪದರಕ್ಕೆ ತೇಪೆ ಹಾಕಿ, ಎಲುಬಿನ ಸೀಳು ಮುಚ್ಚಿದರು. “ತಡ ಮಾಡದ ಬಂದ್ರಿ, ಚಲೋ ಆತು,” ಅಂದರು ಡಾಕ್ಟರು.

ಮನೆಗೆ ಬಂದಾಗ, ಓಣಿಯವರಿಗೆ ಕಾಣಬಾರದೆಂದು ಅತ್ತೆ ಕೂಸಿನ ಬೋಳುತಲೆಗೆ ಸೆರಗು ಹೊಚ್ಚಿದರು. ನಾನು ಸೆರಗು ಸರಿಸಿದೆ. ಕೇಳಿದವರಿಗೆಲ್ಲ ಹೊಲಿಗೆ ತೋರಿಸಿದೆ. ಮಗಳಿಗೆ ಫಿಟ್ಸ್ ಬರಲಿಲ್ಲ, ಕೈಕಾಲು ಸೋಲಲಿಲ್ಲ. ಈಗ ನನ್ನ ಜೊತೆಗೇ ಜಗಳಕ್ಕೆ ನಿಲ್ಲುತ್ತಾಳೆ. ನಿಲ್ಲಲಿ.

ನಗುವ ಕೂಸಿಗೆ ಏನೂ ಆಗಿಲ್ಲ ಅಂದವರ ಮಾತು ಮೀರಿ ನೀವೂ ದವಾಖಾನೆಗೆ ಹೋಗಿದ್ದರೆ ಕೆಳಗೆ ಬರೆಯಿರಿ. ಮೀರಲಾಗದೆ ಉಳಿದವರೂ ಬರೆಯಿರಿ. ನಿಮ್ಮನ್ನು ಬೈಯಲು ಬಂದವರಿಗೆ ಉತ್ತರ ನಾನು ಕೊಡುತ್ತೇನೆ.